ಓದುಗರ ಪ್ರಶ್ನೆ: ಅಪರೂಪದ ಸ್ಪೋರ್ಟ್ಸ್ ಕಾರು ಕೊಳ್ಳುವಾಗ

ಪ್ರಶ್ನೆ: 1973ರ ಪೋರ್ಷೆ 911 ಕರೇರಾ ಆರ್‌ಎಸ್ 2.7 ಒಂದು ಮಾರಾಟಕ್ಕಿದೆ. ಅಸಲಿಯೋ ನಕಲಿಯೋ ಹೇಗೆ ತಿಳಿಯುವುದು?

ಉತ್ತರ: ನಕಲಿ ಎಂದುಕೊಂಡೇ ಪರೀಕ್ಷೆ ಶುರು ಮಾಡಿ. ಕಾರ್ಖಾನೆಯಿಂದ ಹೊರಬಂದದ್ದು 1,580 ಮಾತ್ರ. ಅದೇ ಕಾಲದ ಸಾಧಾರಣ 911ಕ್ಕೆ ಬಾತುಕೋಳಿ ಬಾಲದಂಥ ಹಿಂಬದಿಯ ಸ್ಪಾಯ್ಲರ್, ಅಗಲದ ಮಡ್‌ಗಾರ್ಡ್, ಪಕ್ಕದಲ್ಲಿ ‘ಕರೇರಾ’ ಸ್ಟಿಕ್ಕರ್ ಹಾಕಿಬಿಟ್ಟರೆ ನೋಟಕ್ಕೆ ವ್ಯತ್ಯಾಸವೇ ಉಳಿಯುವುದಿಲ್ಲ. ಆದ್ದರಿಂದ ನಂಬರುಗಳಿಗೆ ಹೋಗಿ. ಚಾಸಿ ನಂಬರು 911360 ಎಂದು ಆರಂಭವಾಗಬೇಕು. ಎಂಜಿನ್ 2,687 ಸಿಸಿಯದು, ಟೈಪ್ 911/83. ಅದರ ನಂಬರು ಕೂಲಿಂಗ್ ಫ್ಯಾನಿನ ಪಕ್ಕ ಎಂಜಿನ್ ಕೇಸಿನ ಮೇಲಿರುತ್ತದೆ.

ನಂಬರು ಓದಿದರೆ ಸಾಲದು, ನಂಬರು ಕೂತಿರುವ ತಗಡನ್ನು ನೋಡಿ. ಸುತ್ತ ಗ್ರೈಂಡರ್ ಗೀರು, ವೆಲ್ಡಿಂಗ್ ಗೆರೆ, ಅಲ್ಲಿ ಮಾತ್ರ ದಪ್ಪಗಿರುವ ಪೇಂಟ್, ಸಾಲು ತಪ್ಪಿದ ಅಂಕಿ ಕಂಡರೆ ಆ ತಗಡು ಬೇರೆ ಕಾರಿನಿಂದ ಬಂದಿರಬಹುದು. ಆಮೇಲೆ ಚಾಸಿ, ಎಂಜಿನ್, ಗೇರ್‌ಬಾಕ್ಸ್ ನಂಬರು, ಮೂಲ ಬಣ್ಣ ಎಲ್ಲವನ್ನೂ ತಯಾರಕರ ದಾಖಲೆಯೊಂದಿಗೆ ತಾಳೆ ನೋಡಿ. ಮಾರುವವರು ತೋರಿಸುವ ಜೆರಾಕ್ಸ್ ಪ್ರತಿ ಬೇಡ, ನೀವೇ ವಿಚಾರಿಸಿ. ಎಂಜಿನ್ ಬದಲಾಗಿದ್ದರೆ ಬೆಲೆ ಇಳಿಸಿ ಕೊಳ್ಳಬಹುದು. ಚಾಸಿ ನಂಬರಿನಲ್ಲೇ ಸಂಶಯವಿದ್ದರೆ ಎಷ್ಟು ಕಡಿಮೆ ಬೆಲೆಗೂ ಬೇಡ.

ಪ್ರಶ್ನೆ: ಕಾರು ಹೊಸ ಪೇಂಟಿನಿಂದ ಫಳಫಳ ಹೊಳೆಯುತ್ತಿದೆ. ಒಳಗಿನ ತುಕ್ಕು ಪತ್ತೆ ಮಾಡುವುದು ಹೇಗೆ?

ಉತ್ತರ: ಪೇಂಟಿನ ದಪ್ಪ ಅಳೆಯುವ ಮೀಟರ್ ಹಿಡಿದು ಹೋಗಿ. ಕಾರ್ಖಾನೆಯ ಪೇಂಟ್ ಸಾಮಾನ್ಯವಾಗಿ 100ರಿಂದ 180 ಮೈಕ್ರಾನ್. 300 ದಾಟಿದರೆ ಮೇಲೆ ಮತ್ತೊಮ್ಮೆ ಬಳಿದಿದ್ದಾರೆ. 1,000 ದಾಟಿದರೆ ಕೆಳಗೆ ಪುಟ್ಟಿ ಇದೆ. ಮರುಪೇಂಟ್ ತಾನಾಗಿಯೇ ದೋಷವಲ್ಲ, ಆದರೆ ಒಂದು ಬಾಗಿಲಿನಲ್ಲಿ 150, ಅದರ ಕೆಳಗಿನ ಸಿಲ್‌ನಲ್ಲಿ 1,200 ಬಂದರೆ ಕಾರಣ ಕೇಳಲೇಬೇಕು. ಫೈಬರ್ ಬಾಡಿಯ ಮೇಲೆ ಸಾಧಾರಣ ಮೀಟರ್ ಕೆಲಸ ಮಾಡುವುದಿಲ್ಲ ಎಂಬುದು ನೆನಪಿರಲಿ.

ಕಾರನ್ನು ಲಿಫ್ಟಿನ ಮೇಲೆ ಏರಿಸದೆ ಮುಂಗಡ ಕೊಡಬೇಡಿ. ಹಳೆಯ 911ಗಳಲ್ಲಿ ಇಂಧನ ಟ್ಯಾಂಕಿನ ಕೆಳಗಿನ ತಗಡು, ಬ್ಯಾಟರಿ ಕೂರುವ ಮೂಲೆಗಳು, ಸಿಲ್, ಸ್ಪ್ರಿಂಗಿನ ಕೆಲಸ ಮಾಡುವ ಹಿಂದಿನ ಟಾರ್ಶನ್ ಬಾರ್ ಕೊಳವೆಯ ಸುತ್ತಮುತ್ತ, ಇವೇ ತುಕ್ಕು ಮೊದಲು ತಿನ್ನುವ ಜಾಗಗಳು. 1976ರ ಮಾದರಿಯಿಂದ ಪೂರ್ತಿ ಬಾಡಿಗೆ ಸತುವಿನ ಲೇಪ ಬಂದದ್ದರಿಂದ ಆಮೇಲಿನವು ಹೆಚ್ಚು ಬಾಳಿವೆ. ತಳಕ್ಕೆಲ್ಲ ಹೊಸದಾಗಿ ದಪ್ಪ ಕಪ್ಪು ಕೋಟಿಂಗ್ ಬಳಿದಿದ್ದರೆ ಇನ್ನಷ್ಟು ಹುಷಾರು.

ಪ್ರಶ್ನೆ: ಫೆರಾರಿ ಟೆಸ್ಟರೋಸಾ, ಓಡಿದ್ದು ತೀರಾ ಕಡಿಮೆ. ಬೆಲ್ಟ್ ಬದಲಿಸಬೇಕೇ?

ಉತ್ತರ: ಬದಲಿಸಲೇಬೇಕು. ನಿಂತಲ್ಲೇ ನಿಂತರೂ ರಬ್ಬರ್‌ಗೆ ವಯಸ್ಸಾಗುತ್ತದೆ. ವಾಲ್ವ್‌ಗಳ ಚಲನೆಯನ್ನು ಪಿಸ್ಟನ್‌ಗಳಿಗೆ ಹೊಂದಿಸುವ ಟೈಮಿಂಗ್ ಬೆಲ್ಟ್ ಹರಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುತ್ತವೆ. ಈ ಕಾರಿನಲ್ಲಿ ಆ ಕೆಲಸಕ್ಕೆ ಎಂಜಿನ್ ಇಳಿಸಬೇಕು. ಕೊನೆಯ ಬಾರಿ ಹಾಕಿದ್ದಕ್ಕೆ ಬಿಲ್ ಇಲ್ಲವೆಂದರೆ ಹಾಕಿಯೇ ಇಲ್ಲವೆಂದು ತಿಳಿದು, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಪ್ರಶ್ನೆ: ಕೊಂಡ ಕಾರನ್ನು ಓಡಿಸಿಕೊಂಡು ಬರಬಹುದೇ?

ಉತ್ತರ: ಬೇಡ. ಪರಿಚಯವಿಲ್ಲದ ಹಳೆಯ ಕಾರಿಗೆ ಮೊದಲ ದಿನವೇ ದೂರದ ದಾರಿ ಹಿಡಿಸುವುದು ಅನ್ಯಾಯ. ಮುಚ್ಚಿದ ಟ್ರೇಲರ್ ಗೊತ್ತು ಮಾಡಿ, ಏರಿಸುವ ಮುನ್ನವೇ ಒಪ್ಪಿತ ಮೌಲ್ಯದ (ಕಾರಿನ ಬೆಲೆಯನ್ನು ಮೊದಲೇ ಒಪ್ಪಿ ನಿಗದಿ ಮಾಡಿದ) ವಿಮೆ ಚಾಲ್ತಿಯಲ್ಲಿರಲಿ. ಮೂತಿ ತಗ್ಗಿರುವುದರಿಂದ ರ‍್ಯಾಂಪ್ ಉದ್ದವಿರಬೇಕು. ಕಾರು ಕಟ್ಟುವ ಬೆಲ್ಟುಗಳನ್ನು ಟೈರ್‌ಗಳ ಮೇಲೆ ಬಿಗಿಸಲಿ. ಸಸ್ಪೆನ್ಶನ್ ಆರ್ಮ್‌ಗೆ ಕೊಕ್ಕೆ ಹಾಕಿ ಎಳೆದರೆ ಅದು ಬಾಗಬಹುದು. ತೆರೆದ ಗಾಡಿಯೇ ಗತಿಯಾದರೆ ಬಟ್ಟೆಯ ಕವರ್ ಹೊದಿಸಬೇಡಿ. ಗಾಳಿಗೆ ಪಟಪಟ ಬಡಿದು, ಸಿಕ್ಕಿಕೊಂಡ ಧೂಳಿನಿಂದ ಪೇಂಟ್ ಉಜ್ಜಿಹೋಗುತ್ತದೆ. ಬೇರೆ ದೇಶದಿಂದ ತರುವುದಾದರೆ ನಿಮ್ಮಲ್ಲಿ ಅದನ್ನು ನೋಂದಾಯಿಸಲು ಸಾಧ್ಯವೇ ಎಂಬುದನ್ನು ಹಣ ಕೊಡುವ ಮೊದಲೇ ಬರಹದಲ್ಲಿ ಪಡೆಯಿರಿ.

ಪ್ರಶ್ನೆ: ಎಷ್ಟೋ ವರ್ಷ ನಿಂತಿದ್ದ ಕಾರು ಮನೆಗೆ ಬಂದಿದೆ. ಸೆಲ್ಫ್ ಹೊಡೆಯಬಹುದೇ?

ಉತ್ತರ: ಈಗಲೇ ಬೇಡ. ಹಳೆಯ ಪೆಟ್ರೋಲ್ ಅಂಟಾಗಿ ಇಂಜೆಕ್ಷನ್ ಪಂಪನ್ನೇ ಕಚ್ಚಿಸಿಬಿಡುತ್ತದೆ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಒಳಗೆ ಟಾರ್ಚ್ ಬಿಟ್ಟು ತುಕ್ಕು ನೋಡಿ, ಪೆಟ್ರೋಲ್ ಹೋಸುಗಳನ್ನೆಲ್ಲ ಬದಲಿಸಿ. ಈ ಹಂತ ಹಾರಿಸಿದ್ದರಿಂದಲೇ ಹೊತ್ತಿ ಉರಿದ ಕಾರುಗಳುಂಟು. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವಂತಿರಲಿ. ಎಂಜಿನ್ ಆಯಿಲ್, ಫಿಲ್ಟರ್ ಹೊಸದು ಹಾಕಿ. ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರ್‌ಗೆ 5ರಿಂದ 10 ಮಿಲಿ ಆಯಿಲ್ ಬಿಟ್ಟು, ಒಂದು ರಾತ್ರಿ ಕಳೆದ ಮೇಲೆ ಕ್ರ್ಯಾಂಕ್ ಪುಲ್ಲಿಯನ್ನು (ಎಂಜಿನ್ನಿನ ಮುಖ್ಯ ದಂಡದ ತುದಿಯ ಚಕ್ರ) ಸ್ಪ್ಯಾನರ್‌ನಿಂದ ಕೈಯಲ್ಲೇ ಎರಡು ಸುತ್ತು ತಿರುಗಿಸಿ. ಎಲ್ಲಾದರೂ ತಡೆದರೆ ಬಲ ಹಾಕಬೇಡಿ. ಸರಾಗ ತಿರುಗಿದರೆ ಇಗ್ನಿಷನ್ ಮತ್ತು ಪೆಟ್ರೋಲ್ ಪಂಪಿನ ಸಂಪರ್ಕ ಕಳಚಿ, ಪ್ಲಗ್ ಇಲ್ಲದೆಯೇ ಹತ್ತು ಸೆಕೆಂಡಿನಂತೆ ಬಿಟ್ಟುಬಿಟ್ಟು ಸೆಲ್ಫ್ ಹೊಡೆಯಿರಿ. ಆಯಿಲ್ ಪ್ರೆಶರ್ ಮುಳ್ಳು ಏಳಬೇಕು. ಅದು ಎದ್ದ ಮೇಲೆಯೇ ಪ್ಲಗ್ ಹಾಕಿ ಸ್ಟಾರ್ಟ್ ಮಾಡುವುದು.

ಬ್ರೇಕಿನ ರಬ್ಬರ್ ಹೋಸುಗಳು ಹೊರಗೆ ಚೆನ್ನಾಗಿದ್ದರೂ ಒಳಗೆ ಊದಿ, ಒತ್ತಿದ ಬ್ರೇಕ್ ಬಿಡದಂತೆ ಹಿಡಿಯುತ್ತವೆ. ಅವನ್ನೂ ಬ್ರೇಕ್ ಆಯಿಲನ್ನೂ ಒಟ್ಟಿಗೆ ಬದಲಿಸಿ. ಟೈರ್ ಪಕ್ಕದಲ್ಲಿ DOT ಎಂದು ಶುರುವಾಗುವ ಸಂಕೇತದ ಕೊನೆಯ ನಾಲ್ಕಂಕಿ ಓದಿ: 2309 ಎಂದರೆ 2009ರ 23ನೇ ವಾರ. ಅಷ್ಟು ಹಳೆಯದಾದರೆ ಟೈರಿನ ಮೇಲಿನ ಗೆರೆ ಎಷ್ಟು ಆಳವಿದ್ದರೂ ಬಿಚ್ಚಿಹಾಕಿ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಮೊದಲಿನದು.

ಪ್ರಶ್ನೆ: ನನ್ನ ಹಳೆಯ 911ರಲ್ಲಿ ಆಯಿಲ್ ಕಡ್ಡಿ ಬೆಳಿಗ್ಗೆ ಬಹುಪಾಲು ಒಣಗಿರುತ್ತದೆ. ಎಷ್ಟು ಹಾಕಲಿ?

ಉತ್ತರ: ಏನೂ ಹಾಕಬೇಡಿ. ಅದು ಡ್ರೈ ಸಂಪ್ ಎಂಜಿನ್. ಆಯಿಲ್ ಬೇರೆ ಟ್ಯಾಂಕಿನಲ್ಲಿರುತ್ತದೆ, ಕಾರು ನಿಂತಾಗ ಒಂದಷ್ಟು ಎಂಜಿನ್‌ಗೆ ಇಳಿಯುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗಿ, ಸಮತಟ್ಟು ಜಾಗದಲ್ಲಿ, ಐಡ್ಲಿಂಗ್‌ನಲ್ಲಿ ಓಡುತ್ತಿರುವಾಗಲೇ ಅಳೆಯಬೇಕು. ತಣ್ಣಗಿರುವಾಗ ನೋಡಿ ತುಂಬಿಸಿದರೆ ಹೆಚ್ಚಾದ ಆಯಿಲ್ ಏರ್ ಫಿಲ್ಟರಿಗೆ ಉಕ್ಕಿ ಹೊಗೆ ಕಾರುತ್ತದೆ.