ಪುಸ್ತಕದ ಕಪಾಟನ್ನು ಮಳೆ ಹೊಡೆಯುವ ಗೋಡೆಗೆ ಕೊಡಬೇಡಿ

ಮನೆಯ ಒಳಾಂಗಣದ ಬಗ್ಗೆ ಏನಾದರೂ ಕೇಳಿ ಅಂದರೆ ಕೊಡಗಿನ ಓದುಗರಿಂದ ಬರುವುದು ಹೆಚ್ಚಾಗಿ ಒಂದೇ ಪ್ರಶ್ನೆ. ಪುಸ್ತಕಕ್ಕೆ ಬೂಷ್ಟು ಹಿಡಿದಿದೆ, ಏನು ಮಾಡಲಿ? ಹೋದ ವರ್ಷವೂ ಉತ್ತರಿಸಿದೆ, ಅದರ ಹಿಂದಿನ ವರ್ಷವೂ ಉತ್ತರಿಸಿದೆ. ಆದರೂ ನುಸಿಗುಳಿಗೆ ಮಾರುವವರ ಮಾತೇ ಗೆಲ್ಲುತ್ತಿದೆ. ಈ ಸಲ ಆ ಪ್ರಶ್ನೆಗೇ ಹೆಚ್ಚು ಜಾಗ ಕೊಡುತ್ತೇನೆ. ಕುಶನ್ ಎಷ್ಟು, ಪರದೆ ಯಾವ ಬಣ್ಣ ಅನ್ನುವುದನ್ನು ನೀವೇ ಚೆನ್ನಾಗಿ ನೋಡಿಕೊಳ್ಳಬಲ್ಲಿರಿ.

ಪ್ರಶ್ನೆ: ಮೇಡಂ, ನಾಪೋಕ್ಲು ಹತ್ತಿರ ಎರಡು ವರ್ಷದ ಹಿಂದೆ ಮನೆ ಕಟ್ಟಿಸಿದೆವು. ಹಾಲ್‌ನಲ್ಲಿ ನೆಲದಿಂದ ಸೀಲಿಂಗ್‌ವರೆಗೆ ಗೋಡೆಗೇ ಕೂರಿಸಿದ ಕಪಾಟು, ಗಾಜಿನ ಬಾಗಿಲು. ಮಾವನವರ ಕಾಲದ ಸುಮಾರು 600 ಪುಸ್ತಕಗಳಿವೆ. ಆಗಸ್ಟ್ ಬಂದರೆ ಎಲ್ಲದಕ್ಕೂ ಬೂಷ್ಟು. ನುಸಿಗುಳಿಗೆ ಇಟ್ಟೆವು, ಬೇವಿನ ಸೊಪ್ಪು ಇಟ್ಟೆವು, ಗೋಡೆಗೆ ದುಬಾರಿ ಪೇಂಟ್ ಹೊಡೆಸಿದೆವು. ವಾಸ್ತು ಪ್ರಕಾರ ಭಾರವಾದದ್ದು ನೈಋತ್ಯದಲ್ಲೇ ಇರಬೇಕಂತೆ, ಹಾಗಾಗಿ ಕಪಾಟಿನ ಜಾಗ ಬದಲಿಸಲು ಮನೆಯವರು ಒಪ್ಪುತ್ತಿಲ್ಲ.

ಉತ್ತರ: ನೋಡಿ, ನಿಮ್ಮ ಕಷ್ಟದ ಕಾರಣವನ್ನು ನೀವೇ ಬರೆದಿದ್ದೀರಿ. ನೈಋತ್ಯ. ನಮ್ಮ ಮುಂಗಾರು ಬರುವುದೇ ಆ ದಿಕ್ಕಿನಿಂದ. ಮಡಿಕೇರಿ ಕಡೆ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುತ್ತದೆ, ಗಾಳಿಯ ಜೊತೆ ಅಡ್ಡಡ್ಡ ಬೀಳುತ್ತದೆ. ನಿಮ್ಮ ಮನೆಯ ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳು ಮೂರು ತಿಂಗಳು ಒಣಗುವುದೇ ಇಲ್ಲ. ಆ ಎರಡು ಗೋಡೆ ಸೇರುವ ಮೂಲೆಗೆ ಪುಸ್ತಕಗಳನ್ನು ಒತ್ತಿ ಇಟ್ಟು, ಮೇಲೆ ಗಾಜು ಮುಚ್ಚಿದ್ದೀರಿ. ಒಳಗಿನ ಗಾಳಿಗೆ ಹೋಗಲು ದಾರಿ ಇಲ್ಲ. ಗೋಡೆ ತಣ್ಣಗಿದೆ. ತೇವವೆಲ್ಲ ಅಲ್ಲೇ ಕೂರುತ್ತದೆ.

ಬೂಷ್ಟಿನ ಬೀಜ ಎಲ್ಲ ಮನೆಯ ಗಾಳಿಯಲ್ಲೂ ಇರುತ್ತದೆ. ಅದನ್ನು ಪೂರ್ತಿ ಕೊಲ್ಲುವುದು ಯಾರಿಂದಲೂ ಆಗದು. ಕಾಗದ, ಅಂಟು, ಬಟ್ಟೆಯ ಬೈಂಡಿಂಗ್, ಮೇಲೆ ಕೂತ ಧೂಳು, ಇವೆಲ್ಲ ಅದಕ್ಕೆ ಊಟ. ನಮ್ಮ ಕೈಲಿ ಇರುವುದು ನೀರು ಸಿಗದ ಹಾಗೆ ಮಾಡುವುದಷ್ಟೇ. ಗಾಳಿಯ ತೇವಾಂಶ ಶೇಕಡಾ 65ರ ಒಳಗಿದ್ದರೆ ಬೂಷ್ಟು ಏಳುವುದಿಲ್ಲ. ಜುಲೈ ಆಗಸ್ಟ್ ನಡುವಿನ ಕಕ್ಕಡ ತಿಂಗಳಲ್ಲಿ ನಮ್ಮ ಮನೆಗಳಲ್ಲಿ ಅದು 90 ದಾಟುತ್ತದೆ. ನುಸಿಗುಳಿಗೆ ಹುಳುವಿಗೆ ಮಾಡಿದ ವಸ್ತು, ಬೂಷ್ಟಿಗೂ ಅದಕ್ಕೂ ಸಂಬಂಧವಿಲ್ಲ. ಮನೆಯಲ್ಲಿ ಹಸುಗೂಸು ಇದ್ದರೆ ಈ ಕ್ಷಣವೇ ತೆಗೆಯಿರಿ, ಕೆಲವು ಮಕ್ಕಳಿಗೆ ಅದರಿಂದ ರಕ್ತದ ಕೆಂಪು ಕಣಗಳೇ ಒಡೆದುಹೋಗುತ್ತವೆ. ಹಸಿ ಬೇವಿನ ಸೊಪ್ಪು ಇಟ್ಟರೆ ಕಪಾಟಿನೊಳಗೆ ಇನ್ನಷ್ಟು ನೀರು ಇಟ್ಟ ಹಾಗೆ. ಸಾಂಬ್ರಾಣಿ ಹೊಗೆ, ಕರ್ಪೂರ, ನವಿಲುಗರಿ ಬಗ್ಗೆಯೂ ಬರೆದು ಕೇಳುತ್ತಾರೆ. ಯಾವುದರಿಂದಲೂ ಆಗುವುದಿಲ್ಲ.

ಒಳಗಿನಿಂದ ಪೇಂಟ್ ಹೊಡೆದು ಥಂಡಿ ನಿಲ್ಲಿಸುತ್ತೇವೆ ಅನ್ನುವವರ ಮೇಲೆ ನನಗೆ ತುಂಬಾ ಸಿಟ್ಟಿದೆ. ನೀರು ಬರುತ್ತಿರುವುದು ಹೊರಗಿನಿಂದ. ಒಳಗೆ ಮುಚ್ಚಿದರೆ ಅದು ಗೋಡೆಯಲ್ಲೇ ಉಳಿದು, ಎರಡನೇ ಮಳೆಗಾಲಕ್ಕೆ ಪೇಂಟ್ ಹಪ್ಪಳದ ಹಾಗೆ ಏಳುತ್ತದೆ. ಆ ದುಡ್ಡಿನಲ್ಲಿ ಹೊರಗಿನ ಬಿರುಕು ಮುಚ್ಚಿಸಬಹುದಿತ್ತು, ಸೂರು ಎರಡಡಿ ಮುಂದಕ್ಕೆ ತರಬಹುದಿತ್ತು. ನಮ್ಮ ಹಿರಿಯರು ಮಳೆಗಾಲಕ್ಕೆ ಮುಂಚೆ ಗೋಡೆಗೆ ತಟ್ಟಿ ಕಟ್ಟುತ್ತಿದ್ದರು. ಈಗ ತಗಡು ಹೊಡೆಯುತ್ತಾರೆ. ನೋಡಲು ಚಂದ ಇಲ್ಲ ಅಂತ ಹೊಸ ಮನೆಯವರು ಬಿಟ್ಟುಬಿಡುತ್ತಾರೆ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ನನ್ನ ಮೊದಲ ಮನೆಯಲ್ಲೂ ಕಪಾಟು ಪಡುವಣ ಗೋಡೆಯಲ್ಲೇ ಇತ್ತು. ಒಬ್ಬರು ವಾಸ್ತು ನೋಡುವವರು ಬಂದು ಗುರುತು ಹಾಕಿ ಹೋಗಿದ್ದರು. ಮೂರನೇ ವರ್ಷದ ಆಗಸ್ಟ್‌ನಲ್ಲಿ ತಾಯಿಯವರು ಬೈಂಡ್ ಮಾಡಿಸಿಟ್ಟಿದ್ದ ಹಳೆಯ ಮಾಸಪತ್ರಿಕೆಗಳ ಒಂದು ಸಂಪುಟ ಎಳೆದೆ. ಪಕ್ಕದ್ದೂ ಅಂಟಿಕೊಂಡು ಜೊತೆಗೇ ಬಂತು. ಬೆನ್ನಿನ ಬಟ್ಟೆಯ ಮೇಲೆ ನಾಲ್ಕಾಣೆಯಷ್ಟು ಅಗಲದ ಬೂದು ಹಸಿರು ಬೊಟ್ಟುಗಳು. ಚಿತ್ರವಿದ್ದ ನುಣುಪು ಕಾಗದದ ಹಾಳೆಗಳೆಲ್ಲ ಸೇರಿ ಒಂದು ಹಲಗೆಯಾಗಿದ್ದವು. ಬಿಡಿಸಲು ಹೋದರೆ ಈ ಪುಟದ ಚಿತ್ರ ಆ ಪುಟಕ್ಕೆ ಕಿತ್ತುಕೊಂಡು ಹೋಯಿತು. ಅಂಚಿನಲ್ಲಿ ಅಮ್ಮ ಪೆನ್ಸಿಲ್‌ನಲ್ಲಿ ಬರೆದಿದ್ದ ಸಾಲುಗಳೂ ಅದರ ಜೊತೆ ಹೋದವು. ಆ ಸಂಪುಟ ಇನ್ನೂ ನನ್ನ ಹತ್ತಿರ ಇದೆ. ತೆರೆಯಲು ಆಗುವುದಿಲ್ಲ.

ಈಗ ನೀವು ಮಾಡಬೇಕಾದ್ದು. ಮೊದಲು ತೇವಾಂಶ ತೋರಿಸುವ ಸಣ್ಣ ಮೀಟರ್ ತನ್ನಿ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದನ್ನು ಹಾಲ್ ಮಧ್ಯದ ಟೇಬಲ್ ಮೇಲೆ ಇಡಬೇಡಿ. ಕಪಾಟಿನ ಕೆಳಗಿನ ಹಲಗೆಯಲ್ಲಿ, ಪುಸ್ತಕಗಳ ಹಿಂದೆ ಇಡಿ. ನಾಲ್ಕು ದಿನ ಬೆಳಿಗ್ಗೆ ಸಂಜೆ ನೋಡಿ ಬರೆದಿಡಿ. ಆ ಚೀಟಿಯನ್ನು ಮನೆಯವರಿಗೆ ತೋರಿಸಿ. ನೈಋತ್ಯದಲ್ಲಿ ಭಾರ ಇರಲೇಬೇಕು ಅನ್ನುವ ನಂಬಿಕೆ ಇದ್ದರೆ ಇರಲಿ, ಅಲ್ಲಿ ಕಲ್ಲಿನ ಒರಳು ಇಡಿ, ಹಿತ್ತಾಳೆಯ ಹಂಡೆ ಇಡಿ. ಮಾವನವರ ಪುಸ್ತಕಗಳನ್ನು ಅಲ್ಲಿಂದ ತೆಗೆಯಿರಿ.

ಎಲ್ಲಿಗೆ ಸಾಗಿಸುವುದು? ಜುಲೈ ತಿಂಗಳ ಒಂದು ಸಂಜೆ ನಿಮ್ಮ ಮನೆಯ ಹಿರಿಯರು ಕುರ್ಚಿ ಎಳೆದುಕೊಂಡು ಎಲ್ಲಿ ಕೂರುತ್ತಾರೆ ನೋಡಿ. ಅಡುಗೆಮನೆಯ ಒಲೆ ಹಿಂದಿನ ಗೋಡೆಯ ಹತ್ತಿರವೋ, ಎರಡು ಕೋಣೆಗಳ ನಡುವಿನ ಗೋಡೆಯ ಹತ್ತಿರವೋ ಇರುತ್ತಾರೆ. ಮೈಗೆ ಬೆಚ್ಚಗೆ ಅನ್ನಿಸಿದ ಆ ಜಾಗವೇ ಪುಸ್ತಕಕ್ಕೂ ಜಾಗ. ನಾನು ಮಾಡಿಕೊಟ್ಟ ಮನೆಗಳಲ್ಲಿ ಜನ ಹೆಚ್ಚು ಇಷ್ಟಪಟ್ಟ ಮೂಲೆಗಳೆಲ್ಲ ಹೀಗೇ ಸಿಕ್ಕಿದ್ದು. ಒಂದು ಬೆತ್ತದ ಕುರ್ಚಿ, ಕಾಲಿಗೆ ಕಂಬಳಿ, ಕೈಗೆ ಸಿಗುವ ಎತ್ತರದಲ್ಲಿ ಪುಸ್ತಕ. ಇಷ್ಟಿದ್ದರೆ ಮನೆಗೆ ಬಂದವರು ತಾವಾಗಿಯೇ ಅಲ್ಲಿ ಹೋಗಿ ಕೂರುತ್ತಾರೆ.

ಹೊಸ ಕಪಾಟು ಗೋಡೆಗೆ ಅಂಟಿರಬಾರದು. ಗೋಡೆಯಿಂದ ಮೂರು ಇಂಚು ಬಿಡಿ, ನೆಲದಿಂದ ಅರ್ಧ ಅಡಿ ಎತ್ತರದ ಕಾಲು ಇರಲಿ, ಹಿಂಬದಿಗೆ ಪೂರ್ತಿ ಹಲಗೆ ಹೊಡೆಯಬೇಡಿ. ಆಳ ಒಂಬತ್ತು ಇಂಚು ಸಾಕು, ಹತ್ತು ಆದರೆ ಜಾಸ್ತಿಯೇ. ನಮ್ಮ ಕನ್ನಡ ಪುಸ್ತಕಗಳು ಹೆಚ್ಚಾಗಿ ಡೆಮಿ 1/8 ಆಕಾರದವು, ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಹೇಳದೆ ಬಿಟ್ಟರೆ ಆಚಾರಿ ಬಟ್ಟೆ ಬೀರುವಿನ ಅಳತೆಯಲ್ಲಿ ಹದಿನೈದು ಇಂಚು ಮಾಡುತ್ತಾರೆ. ಆಮೇಲೆ ನೀವು ಎರಡು ಸಾಲು ಜೋಡಿಸುತ್ತೀರಿ, ಬೂಷ್ಟು ಶುರುವಾಗುವುದು ಆ ಹಿಂದಿನ ಸಾಲಿನಿಂದ. ಒಂದು ಅಡಿ ಉದ್ದದ ಪುಸ್ತಕದ ಸಾಲು ಆರೇಳು ಕೆಜಿ ತೂಗುತ್ತದೆ. ಹಾಗಾಗಿ 18 ಮಿಲಿಮೀಟರ್ ಪ್ಲೈವುಡ್ ಆದರೆ ಎರಡೂವರೆ ಅಡಿಗೊಂದು ಆಸರೆ ಬೇಕು. ಪ್ಲೈವುಡ್ ಮೇಲೆ ಐಎಸ್ 710 ಗುರುತು, ಅಂದರೆ ನೀರು ತಡೆಯುವ ಮೆರೈನ್ ಪ್ಲೈವುಡ್‌ನ ಗುರುತು, ಇದೆಯಾ ನೋಡಿ. ತೋಟದಲ್ಲಿ ಕಡಿದ ಹಲಸು ಚೆನ್ನಾಗಿ ಒಣಗಿದ್ದು ಇದ್ದರೆ ಅದಕ್ಕಿಂತ ಒಳ್ಳೆಯದು ಬೇಡ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಪಾರ್ಟಿಕಲ್ ಬೋರ್ಡ್ ಮಾತ್ರ ಮನೆಯೊಳಗೆ ತರಬೇಡಿ, ನಮ್ಮ ಒಂದು ಮಳೆಗಾಲಕ್ಕೆ ಬ್ರೆಡ್ಡಿನ ಹಾಗೆ ಉಬ್ಬುತ್ತದೆ.

ಗಾಜಿನ ಬಾಗಿಲು ಬೇಕೇ ಬೇಕು ಅಂದರೆ ಒಳಗೆ ಸ್ವಲ್ಪ ಬಿಸಿ ಬೇಕು. ಇದು ಹಳೆಯ ಉಪಾಯ, ಆದರೆ ಲೆಕ್ಕ ಸರಿಯಾಗಿದೆ. 20 ಡಿಗ್ರಿಯ ಗಾಳಿಯಲ್ಲಿ ತೇವಾಂಶ 95 ಇದ್ದರೆ, ಅದೇ ಗಾಳಿ 27 ಡಿಗ್ರಿಗೆ ಬಂದಾಗ 62ರ ಹತ್ತಿರಕ್ಕೆ ಇಳಿಯುತ್ತದೆ. ತಂತಿ ಕಾಯುವ ಹಳೆ ಮಾದರಿಯ 15 ವಾಟ್ ಬಲ್ಬ್ ಒಂದು ಸಣ್ಣ ಕಪಾಟಿಗೆ ಸಾಕು. ಎಲ್‌ಇಡಿ ಅಷ್ಟು ಬಿಸಿಯಾಗುವುದಿಲ್ಲ, ಅದರಿಂದ ಪ್ರಯೋಜನವಿಲ್ಲ. ಬಲ್ಬ್ ಕೆಳಗಿನ ಖಾಲಿ ಖಾನೆಯಲ್ಲಿ, ಸುತ್ತ ತಂತಿಬಲೆಯ ಒಳಗೆ ಇರಬೇಕು. ಬಿಸಿ ಮೇಲೇರಲು ಹಲಗೆಗಳಲ್ಲಿ ಸಂದು ಬೇಕು. ಕಾಗದ ಅದರಿಂದ ಒಂದು ಅಡಿ ದೂರವೇ ಇರಲಿ. ವೈರಿಂಗ್ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಇದರಲ್ಲಿ ನಾನು ಸ್ವಲ್ಪ ಹೆದರುವವಳು. ಮನೆ ಬೀಗ ಹಾಕಿ ಹೋಗುವಾಗ ಆರಿಸಿ ಅಂತಲೇ ಹೇಳುತ್ತೇನೆ.

ಗಾಳಿ ಒಣಗಿಸುವ ಡೀಹ್ಯುಮಿಡಿಫೈಯರ್ ಯಂತ್ರ ಒಳ್ಳೆಯದೇ, ಆದರೆ ಕಿಟಕಿ ಮುಚ್ಚಿರಬೇಕು. ಕಿಟಕಿ ತೆರೆದಿಟ್ಟು ಓಡಿಸುವವರನ್ನು ನೋಡಿದ್ದೇನೆ. ಇಡೀ ಜಿಲ್ಲೆಯ ಗಾಳಿ ಒಣಗಿಸಲು ಆಗುತ್ತದಾ? ಇನ್ನು ಮರ ಬಿದ್ದು ಕರೆಂಟ್ ಮೂರು ದಿನ ಇಲ್ಲದಿದ್ದರೆ ಬಲ್ಬೂ ಇಲ್ಲ, ಯಂತ್ರವೂ ಇಲ್ಲ. ಅದಕ್ಕೇ ಮನೆಯ ಇಪ್ಪತ್ತು ಮೂವತ್ತು ಅಮೂಲ್ಯ ಪುಸ್ತಕಗಳನ್ನು ಮಾರ್ಚ್‌ನ ಒಣ ಹವೆಯಲ್ಲೇ ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕಿ, ಜೊತೆಗೆ ಸಿಲಿಕಾ ಜೆಲ್ ಇಡಿ. ಹರಳು ಬಣ್ಣ ಬದಲಿಸಿದರೆ ತೇವ ಕುಡಿದಿದೆ ಅಂತ ಅರ್ಥ. ಓವನ್‌ನಲ್ಲಿ ಸುಮಾರು 110 ಡಿಗ್ರಿಗೆ ಒಣಗಿಸಿ ಮತ್ತೆ ಬಳಸಬಹುದು. ಕಿತ್ತಳೆ ಬಣ್ಣದ್ದನ್ನೇ ಕೊಳ್ಳಿ, ನೀಲಿಯದರಲ್ಲಿ ವಿಷದ ಕೋಬಾಲ್ಟ್ ಇರುತ್ತದೆ.

ಈಗಾಗಲೇ ಬೂಷ್ಟು ಹಿಡಿದ ಪುಸ್ತಕಗಳನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಕಲೆ ಒಳಗೆ ಇಳಿಯುತ್ತದೆ. ಬೇರೆ ಮಾಡಿ, ರಟ್ಟಿನ ಪೆಟ್ಟಿಗೆಯಲ್ಲಿ ಸಡಿಲವಾಗಿ ನಿಲ್ಲಿಸಿ, ಫ್ಯಾನ್ ಓಡುವ ಕೋಣೆಯಲ್ಲಿಡಿ. ಪ್ಲಾಸ್ಟಿಕ್ ಚೀಲಕ್ಕೆ ತುಂಬಬೇಡಿ. ಹುತ್ತರಿ ಹಬ್ಬ ಕಳೆದು ಕಣದಲ್ಲಿ ಕಾಫಿ ಒಣಗಲು ಹಾಕುವ ಹೊತ್ತಿಗೆ ಗಾಳಿ ಒಣಗಿರುತ್ತದೆ. ಆಗ ಅಂಗಳದ ನೆರಳಿನಲ್ಲಿ, ಮಾಸ್ಕ್ ಹಾಕಿಕೊಂಡು, ಮೆತ್ತನೆಯ ಪೇಂಟ್ ಬ್ರಷ್‌ನಿಂದ ನಿಮ್ಮಿಂದ ಆಚೆಗೆ ಗುಡಿಸಿ. ಸುಡುವ ಬಿಸಿಲಿಗೆ ಹಾಕಿದರೆ ರಟ್ಟು ಸೊಟ್ಟಗಾಗುತ್ತದೆ, ಶಾಯಿ ಮಾಸುತ್ತದೆ. ಉಬ್ಬಸ ಇದ್ದವರು ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಪ್ರಶ್ನೆ: ನಮ್ಮ ಗೋಣಿಕೊಪ್ಪದ ಹೋಂಸ್ಟೇಗೆ ಚಂದ ಕಾಣಲಿ ಅಂತ ಹಳೆ ಪುಸ್ತಕಗಳನ್ನು ಕೆಜಿ ಲೆಕ್ಕದಲ್ಲಿ ತರಬಹುದಾ?

ಉತ್ತರ: ಬೇಡ. ಯಾರದೋ ಮನೆಯ ಹುಳು, ಬೂಷ್ಟು ಎರಡನ್ನೂ ದುಡ್ಡು ಕೊಟ್ಟು ತರುತ್ತೀರಿ. ಎರಡು ರಾತ್ರಿಯಲ್ಲಿ ಓದಿ ಮುಗಿಸಬಹುದಾದ ಇಪ್ಪತ್ತು ಒಳ್ಳೆಯ ಪುಸ್ತಕ ಇಡಿ.

ಪ್ರಶ್ನೆ: ಪುಸ್ತಕಗಳನ್ನು ಬಣ್ಣದ ಪ್ರಕಾರ ಜೋಡಿಸಿದರೆ ಹೇಗೆ?

ಉತ್ತರ: ಬೇಕಾದ ಪುಸ್ತಕ ಬೇಕಾದಾಗ ಸಿಗುವುದಿಲ್ಲ. ಬೇಡ.

ಪ್ರಶ್ನೆ: ಹಳೆಯ ಎಸ್ಟೇಟ್ ಬಂಗಲೆಯ ಹಾಗೆ ಹಾಲ್‌ಗೆ ಬೆಚ್ಚನೆಯ ವಾತಾವರಣ ಬೇಕು. ಚಿಮಣಿ ಕಟ್ಟಿಸಲು ಆಗದು, ಕೆಂಡದ ಬಾಣಲೆ ಇಟ್ಟರೆ ಸಾಕಾ?

ಉತ್ತರ: ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಲೇಬೇಡಿ. ಅದರ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. ಬೆಚ್ಚಗೆ ಕಾಣಲು 2,700 ಕೆಲ್ವಿನ್‌ನ ಹಳದಿ ಬೆಳಕು ಸಾಕು. ಸೀಲಿಂಗ್‌ನ ಬಿಳಿ ಟ್ಯೂಬ್ ಆರಿಸಿ, ಕುರ್ಚಿಯ ಹಿಂದೆ ಭುಜದ ಎತ್ತರಕ್ಕೆ ಒಂದು ದೀಪ ಇಡಿ.

ಪ್ರಶ್ನೆ: ಪುಸ್ತಕಗಳಿಂದ ಸಣ್ಣ ಹಿಟ್ಟು ಉದುರುತ್ತಿದೆ, ತೂತುಗಳೂ ಇವೆ. ಸೀಮೆಎಣ್ಣೆ ಸಿಂಪಡಿಸಲಾ?

ಉತ್ತರ: ಸೀಮೆಎಣ್ಣೆಯನ್ನು ಪುಸ್ತಕದ ಹತ್ತಿರವೂ ತರಬೇಡಿ. ಗಟ್ಟಿ ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯಾಡದಂತೆ ಮುಚ್ಚಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ತೆಗೆದ ಮೇಲೆ ಒಂದು ದಿನ ಕವರ್ ಬಿಚ್ಚಬೇಡಿ. ಇದು ಹುಳುವಿಗೆ ಮಾತ್ರ, ಬೂಷ್ಟು ಚಳಿಗೆ ಸಾಯುವುದಿಲ್ಲ.

ಪ್ರಶ್ನೆ: ನಮ್ಮ ಐನ್‌ಮನೆ ಖಾಲಿ ಬಿದ್ದಿದೆ. ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯ ಗೋಡೆಗೆ ಕಪಾಟು ಕೂರಿಸಿ ಲೈಬ್ರರಿ ಮಾಡುವ ಆಸೆ. ಕೈಯಾಲೆಯಲ್ಲೂ (ಮುಂಜಗುಲಿಯಲ್ಲೂ) ಒಂದು ಕಪಾಟು ಇಡಬಹುದಾ?

ಉತ್ತರ: ಆಸೆ ಒಳ್ಳೆಯದು. ಆದರೆ ಐನ್‌ಮನೆ ಇಡೀ ಒಕ್ಕದ, ಅಂದರೆ ಇಡೀ ಮನೆತನದ ಮನೆ, ನಡುಬಾಡೆ ದೀಪ ಬೆಳಗುವ ಜಾಗ. ಹಿರಿಯರನ್ನು ಕೂರಿಸಿ ಕೇಳದೆ ಅಲ್ಲಿ ಏನನ್ನೂ ಇಡಬೇಡಿ. ಮಣ್ಣಿನ ಗೋಡೆಗೆ ಡ್ರಿಲ್ ಹಾಕುವುದಂತೂ ಬೇಡವೇ ಬೇಡ. ಹಳೆ ಗೋಡೆಗೆ ಸಿಮೆಂಟ್ ಬಳಿಯಲೂಬೇಡಿ, ಮಣ್ಣು ಉಸಿರಾಡದೆ ಒಳಗೇ ಕೊಳೆಯುತ್ತದೆ. ಪಕ್ಕದ ಕೋಣೆಯೊಂದರಲ್ಲಿ ಕಾಲಿರುವ ಬಿಡಿ ಕಪಾಟು ಇಡಿ. ಕೈಯಾಲೆಗೆ ಎರಚಲು ಹೊಡೆಯುತ್ತದೆ, ಅಲ್ಲಿ ಕಪಾಟು ಬೇಡ. ಅಲ್ಲಿ ಕೂರಲು ಮರದ ಹಲಗೆಯ ಐಮರ ಇದೆ, ಹೆಚ್ಚಿನ ಐನ್‌ಮನೆಗಳ ಹಾಗೆ ಪೂರ್ವಕ್ಕೆ ಮುಖ ಇದ್ದರೆ ಬೆಳಗಿನ ಬೆಳಕೂ ಇದೆ. ಪುಸ್ತಕ ತಂದು ಕೂತು ಓದಿ, ಏಳುವಾಗ ಒಳಗೆ ಒಯ್ಯಿರಿ. ಕೋಣೆಯ ಅಳತೆ, ಯಾವ ಗೋಡೆಗೆ ಮಳೆ ಹೊಡೆಯುತ್ತದೆ, ಹೆಂಚು ಎಲ್ಲಿ ಸೋರುತ್ತದೆ, ಇಷ್ಟನ್ನು ಬರೆದು ಕಳಿಸಿ. ಕಪಾಟಿನ ನಕ್ಷೆ ನಾನೇ ಹಾಕಿಕೊಡುತ್ತೇನೆ.