ಕೇಳಿ, ಹೇಳ್ತೀನಿ: ಆಟ ಬಿಡಲೇ, ಮಿಸ್?

ಪ್ರಶ್ನೆ: ವಯಸ್ಸು 34. ದಾವಣಗೆರೆಯಲ್ಲಿ ಮೆಕ್ಕೆಜೋಳದ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಇನ್ನೂ ಕೈಯಲ್ಲೇ ಬರೆಯುವ ರೋಕಡಿ, ಖಾತೆ. ಜೀವನದಲ್ಲಿ ಮುಂದೆ ಬರಬೇಕೆಂದು ಬೆಳಿಗ್ಗೆ 5ಕ್ಕೆ ಎದ್ದು ಡೈರಿಯಲ್ಲಿ ಗುರಿ ಬರೆಯುತ್ತಿದ್ದೇನೆ. ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಕಲಿಯಲು ಎರಡು ಸಲ ಸೇರಿ ಎರಡು ಸಲವೂ ಬಿಟ್ಟೆ. ಎಂಟ್ರಿ ತಪ್ಪಿದಾಗ ಪಕ್ಕದ ಕಾಲೇಜು ಹುಡುಗರು ನಕ್ಕಿದ್ದು ಮನಸ್ಸಿಗೆ ನಾಟಿತು. ರಾತ್ರಿ ಊಟವಾದ ಮೇಲೆ ಆರನೇ ಕ್ಲಾಸಿನ ಮಗಳ ಜತೆ ಚೌಕಾಬಾರ ಆಡುತ್ತೇನೆ. ಆ ಹೊತ್ತನ್ನು ಓದಿಗೆ ಕೊಟ್ಟಿದ್ದರೆ ಇಷ್ಟೊತ್ತಿಗೆ ಎಲ್ಲೋ ಇರುತ್ತಿದ್ದೆ ಅನಿಸುತ್ತದೆ. ಆಟ ಬಿಡಲೇ?

ಉತ್ತರ: ಬಿಡಬೇಡಿ. ಏನಾದರೂ ಬಿಡಲೇಬೇಕು ಅಂತಿದ್ದರೆ ಆ ಡೈರಿ ಬಿಡಿ. ಬೆಳಗಿನ ನಿದ್ದೆಯಾದರೂ ಸಿಕ್ಕೀತು.

ನಾನು ಗಣಿತ ಹೇಳಿಕೊಟ್ಟೇ ನಿವೃತ್ತಳಾದವಳು. ಸಂಭವನೀಯತೆಯ ಪಾಠ ಬಂತೆಂದರೆ ಮಕ್ಕಳು ಆಕಳಿಸುತ್ತಿದ್ದರು. ಒಂದು ವರ್ಷ ಚೌಕಾಬಾರದ ಕವಡೆಗೆ ಬದಲು ಹುಣಸೆ ಬೀಜ ತರಿಸಿ, ಒಂದು ಮಗ್ಗುಲು ಕಲ್ಲಿಗೆ ತೇದು ಬಿಳಿ ಮಾಡಿಸಿ, ನಾಲ್ಕು ನಾಲ್ಕು ಹಂಚಿದೆ. ನಾಲ್ಕು ಬೀಜ ಬೀಳುವ ಬಗೆ ಒಟ್ಟು 16. ಎರಡು ಬಿಳಿ ಬೀಳಲು 6 ಬಗೆ, ಒಂದಕ್ಕೆ 4, ಮೂರಕ್ಕೆ 4. ನಾಲ್ಕೂ ಬಿಳಿಯಾಗಿ ಚೌಕ ಬೀಳಲು ಒಂದೇ ಬಗೆ, ನಾಲ್ಕೂ ಕಪ್ಪಾಗಿ ಎಂಟರ ಬಾರ ಬೀಳಲೂ ಒಂದೇ. ಇದನ್ನೆಲ್ಲ ಬೋರ್ಡಿನ ಮೇಲೆ ಬರೆದು ಹೆಮ್ಮೆಯಿಂದ ತಿರುಗಿದರೆ, ಮಕ್ಕಳು ಎಸೆದು ಬರೆದುಕೊಂಡ ಪಟ್ಟಿಯಲ್ಲಿ ಬಾರವೇ ಬಾರ! ನಾನು ಪೆಚ್ಚಾಗಿ ನಿಂತೆ. ವರ್ಷವಿಡೀ ನೋಟ್ಸ್ ಬರೆಯದಿದ್ದ ಹಿಂದಿನ ಬೆಂಚಿನ ಹುಡುಗ ಎದ್ದ. "ಮಿಸ್, ಲೆಕ್ಕ ಸರಿ ಐತಿ. ತೇದ ಮಗ್ಗುಲು ಚಪ್ಪಟೆ ಆಗೇತಿ, ಅದೇ ನೆಲಕ್ಕೆ ಕುಂದ್ರತೈತಿ." ಎರಡು ಮಗ್ಗುಲೂ ಸಮ ಎಂದು ಮೊದಲೇ ಒಪ್ಪಿಕೊಂಡರಷ್ಟೇ ಆ 16ರ ಲೆಕ್ಕ. ಪುಸ್ತಕದಲ್ಲಿ ಇದ್ದೇ ಇದ್ದ ಆ ಮಾತನ್ನು ನಾನೇ ಅಷ್ಟು ವರ್ಷ ಓಡಿಸಿಕೊಂಡು ಹೋಗಿದ್ದೆ.

ಆಟದಲ್ಲಿ ಮಕ್ಕಳೆದುರು ತಪ್ಪಿದ್ದರಿಂದಲೇ ನನಗದು ತಿಳಿಯಿತು. ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಹೊರಸುತ್ತಿನ 16 ಮನೆ ದಾಟುವುದರೊಳಗೆ ಮಗಳು ನಿಮ್ಮ ಕಾಯಿ ಹೊಡೆಯುತ್ತಾಳೆ. ಕೈತಟ್ಟಿ ನಗುತ್ತಾಳೆ ಕೂಡ. ಆಗ ಏನು ಮಾಡುತ್ತೀರಿ? ಕಾಯನ್ನು ಹೊರಟ ಮನೆಗೇ ಇಟ್ಟು, ಮತ್ತೆ ಕವಡೆ ಕೈಗೆ ತೆಗೆದುಕೊಳ್ಳುತ್ತೀರಿ. ಹುಡುಗರು ನಕ್ಕರೆ ಮಾತ್ರ ಚಪ್ಪಲಿ ಮೆಟ್ಟಿಕೊಂಡು ಎದ್ದು ಬಂದಿರಿ. ಅದೂ ಫೀಸು ಕಟ್ಟಿದ ಮೇಲೆ!

ಟ್ಯಾಲಿಯನ್ನು ಮನೆಯಲ್ಲೇ ಆಡಿ. ಅದರಲ್ಲಿ ಕಲಿಯುವವರಿಗೆಂದು ಎಜುಕೇಷನಲ್ ಮೋಡ್ ಅಂತ ಇದೆ, ದುಡ್ಡು ಕೊಡಬೇಕಿಲ್ಲ. ತಿಂಗಳ 1, 2 ಮತ್ತು 31ನೇ ತಾರೀಖಿನ ಎಂಟ್ರಿ ಮಾತ್ರ ತೆಗೆದುಕೊಳ್ಳುತ್ತದೆ. ಆಗಲಿ, ತಿಂಗಳಿಗೆ ಮೂರೇ ದಿನ ಬಾಗಿಲು ತೆಗೆಯುವ ಮಂಡಕ್ಕಿ ಮಿರ್ಚಿ ಅಂಗಡಿ ಇಡಿ. ಮಗಳು ಓನರ್, ನೀವು ಗುಮಾಸ್ತ. ಮಂಡಕ್ಕಿ ಚೀಲ ಬಂದರೆ ಎಫ್9 ಕೀಲಿ ಒತ್ತಿ, ಮಾರಿದರೆ ಎಫ್8, ಎಣ್ಣೆಯವನಿಗೆ ದುಡ್ಡು ಕೊಟ್ಟರೆ ಎಫ್5, ಉದ್ರಿ ವಸೂಲಾದರೆ ಎಫ್6. ಉದ್ರಿ ಹೇಳಿದವರ ಹೆಸರನ್ನು ಮಗಳೇ ಇಡಲಿ. ನಿಮ್ಮ ಸೋದರಮಾವನ ಹೆಸರು ಬಂದರೆ ಸುಮ್ಮನಿರಿ. ಬೇಕೆಂದೇ ಒಂದು ಖರೀದಿಯನ್ನು ಮಾರಾಟದಲ್ಲಿ ಹಾಕಿ, ಲಾಭ ಎಷ್ಟು ಉಬ್ಬಿತೆಂದು ನೋಡಿ, ಎಲ್ಲಿ ತಪ್ಪಿದೆ ಎಂದು ಅವಳಿಗೆ ಹುಡುಕಲು ಬಿಡಿ. ರೋಕಡಿ ಬರೆದ ಕೈ ನಿಮ್ಮದು, ಜಮಾ ಖರ್ಚಿನ ತಲೆಬುಡ ಆಗಲೇ ಗೊತ್ತು. ಹೊಸದೆಂದರೆ ಆ ಕೀಲಿಗಳಷ್ಟೇ.

ಮಂಡಿ ಸಾಹುಕಾರರಿಗೆ ಈಗಲೇ ಹೇಳಬೇಡಿ. ಆ ಮೂರು ತಾರೀಖುಗಳ ನಿಜವಾದ ಲೆಕ್ಕವನ್ನು ರೋಕಡಿಯಲ್ಲೂ ಟ್ಯಾಲಿಯಲ್ಲೂ ಬರೆದು, ಕೊನೆಯ ಮೊತ್ತ ತಾಳೆಯಾದ ದಿನ ಪ್ರಿಂಟ್ ತೆಗೆದು ಮುಂದಿಡಿ. ಸಂಬಳದ ಮಾತು ಆವತ್ತೇ ಎತ್ತಿ. ನಾಚಿಕೆ ಬೇಡ.

ಪ್ರಶ್ನೆ: ನಮ್ಮದು ಚಿತ್ರದುರ್ಗ. ಒಂಬತ್ತನೇ ಕ್ಲಾಸಿನ ಮಗ ಕೋತಿರಾಜ್ ಥರ ಆಗುತ್ತೇನೆಂದು ಕಾಂಪೌಂಡು ಹತ್ತುತ್ತಾನೆ. ಪುಸ್ತಕ ಮುಟ್ಟುವುದಿಲ್ಲ. ಏನು ಮಾಡಲಿ, ಅಮ್ಮ?

ಉತ್ತರ: ಹಗ್ಗವಿಲ್ಲದೆ ಕೋಟೆ ಗೋಡೆ ಹತ್ತುವವರನ್ನು ಊರಲ್ಲೇ ಇಟ್ಟುಕೊಂಡು ಹುಡುಗನನ್ನು ಬೈದರೆ ಹೇಗಮ್ಮಾ? ಆದರೂ ಕಾಂಪೌಂಡಿನಿಂದ ಇಳಿಸಿ, ಗಾಜಿನ ಚೂರು ನೆಟ್ಟಿದ್ದರೆ ಈಗಲೇ. ಹತ್ತುವುದನ್ನು ಗುರುವಿಟ್ಟು, ಹಗ್ಗ ಕಟ್ಟಿಕೊಂಡು ಕಲಿಯಲಿ. ಅಲ್ಲಿಯವರೆಗೆ ಒಂದು ಭಾನುವಾರ ಕೋಟೆಗೆ ಕರೆದೊಯ್ದು ಬೇರೆ ಕೆಲಸ ಕೊಡಿ: ನೀರಿನ ಹಿಂದೆ ಇಳಿಯುವುದು. ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಾದ ನೀರು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಆಮೇಲೆ ಪೇಟೆಯ ಸಂತೆ ಹೊಂಡಕ್ಕೆ ಬರುವಂತೆ ಹಿಂದಿನವರು ದಾರಿ ಮಾಡಿದ್ದಾರೆ. ಆ ದಾರಿಯ ನಕ್ಷೆಯನ್ನು ಅವನೇ ಬರೆಯಲಿ. ನೀವು ಬಾಯಿ ಬಿಡದೆ ಹಿಂದೆ ನಡೆಯಿರಿ. ತಿನ್ನಲು ಏನಾದರೂ ಕಟ್ಟಿಕೊಂಡು ಹೋಗಿ, ಕೋತಿಗಳಿಗೆ ಕಾಣದ ಹಾಗೆ.