ಕತ್ತಲಲ್ಲಿ ಮುಖ ಕಾಣಬೇಕು: ಮನೆ ಕ್ಯಾಮೆರಾ ಕುರಿತ ಪ್ರಶ್ನೆಗಳಿಗೆ ಉತ್ತರ

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಒಂದೇ ದೂರು ಮತ್ತೆ ಮತ್ತೆ ಕಾಣಿಸಿತು. ಹಗಲು ಕನ್ನಡಿಯ ಹಾಗೆ ತೋರಿಸುವ ಕ್ಯಾಮೆರಾ ರಾತ್ರಿ ಕೈಕೊಡುತ್ತದೆ. ಐದು ಪತ್ರ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಹೊಸ ಮನೆ ಕಟ್ಟಿಸಿದ್ದೇವೆ, 30x40 ಸೈಟು. ಮುಂದೆ ಗೇಟು, ಪಕ್ಕದಲ್ಲಿ ಸಂದಿ, ಹಿಂದೆ ಬಟ್ಟೆ ಒಗೆಯುವ ಜಾಗ. ಬೀದಿದೀಪ ಎರಡು ಮನೆ ಆಚೆಗಿದೆ. ಒಬ್ಬ ಅಂಗಡಿಯವರು 2 ಮೆಗಾಪಿಕ್ಸೆಲ್ ಸಾಕು ಅಂದರು. ಇನ್ನೊಬ್ಬರು 8 ಮೆಗಾಪಿಕ್ಸೆಲ್ ಹಾಕಿಸಿ, ರಾತ್ರಿಯೂ ಹಗಲಿನ ಹಾಗೇ ಕಾಣುತ್ತೆ ಅನ್ನುತ್ತಾರೆ. ಯಾರ ಮಾತು ಕೇಳೋಣ? — ವಿದ್ಯಾನಗರ, ದಾವಣಗೆರೆ

ಉತ್ತರ: ಇಬ್ಬರನ್ನೂ ಸೆನ್ಸರ್ (ಲೆನ್ಸ್ ಹಿಂದೆ ಬೆಳಕು ಹಿಡಿಯುವ ಚಿಪ್) ಅಳತೆ ಎಷ್ಟು ಎಂದು ಕೇಳಿ. ಉತ್ತರ ಬಾರದಿದ್ದರೆ ಮೂರನೆಯ ಅಂಗಡಿಗೆ ಹೋಗಿ.

ಮನೆ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಸಿಗುವುದು 1/2.8 ಇಂಚಿನ ಸೆನ್ಸರ್. ಅದರ ಮೇಲೆ ಬೀಳುವ ಬೆಳಕು ಬೀಳುವಷ್ಟೇ ಬೀಳುತ್ತದೆ. ಅದನ್ನು 20 ಲಕ್ಷ ಪಾಲು ಮಾಡಿದರೆ 2 ಮೆಗಾಪಿಕ್ಸೆಲ್, 80 ಲಕ್ಷ ಪಾಲು ಮಾಡಿದರೆ 8 ಮೆಗಾಪಿಕ್ಸೆಲ್. ಮೊದಲನೆಯದರಲ್ಲಿ ಒಂದೊಂದು ಪಿಕ್ಸೆಲ್ ಸುಮಾರು 2.9 ಮೈಕ್ರಾನ್ ಅಗಲ, ಎರಡನೆಯದರಲ್ಲಿ 1.45. ಅಂದರೆ ಒಂದು ಪಿಕ್ಸೆಲ್ ಪಾಲಿಗೆ ಬರುವ ಬೆಳಕು ನಾಲ್ಕನೇ ಒಂದು ಭಾಗ. ಬಿಸಿಲಿನಲ್ಲಿ ಇದರ ಚಿಂತೆಯಿಲ್ಲ. ರಾತ್ರಿ ಹತ್ತರ ಮೇಲೆ ನಿಮ್ಮ ಗೇಟಿನ ಮುಂದೆ ಇದೇ ಎಲ್ಲವನ್ನೂ ತೀರ್ಮಾನಿಸುತ್ತದೆ. 4 ಮೆಗಾಪಿಕ್ಸೆಲ್ ಬೇಕೆಂದರೆ ಇನ್ನೂ ದೊಡ್ಡದಾದ 1/1.8 ಇಂಚಿನ ಸೆನ್ಸರ್ ಇರುವುದನ್ನೇ ಕೇಳಿ. ಅದರಲ್ಲಿ ಪಿಕ್ಸೆಲ್ ಮತ್ತೆ 2.9 ಮೈಕ್ರಾನ್ ಆಸುಪಾಸಿಗೆ ಬರುತ್ತದೆ.

ಎರಡನೆಯದು ಲೆನ್ಸ್‌ನ ಎಫ್ ಸಂಖ್ಯೆ. ಇದು ಸಣ್ಣದಿದ್ದಷ್ಟೂ ಬಾಯಿ ದೊಡ್ಡದು. ಎಫ್ 2.0 ಲೆನ್ಸ್‌ಗಿಂತ ಎಫ್ 1.0 ಲೆನ್ಸ್ ನಾಲ್ಕು ಪಟ್ಟು ಬೆಳಕು ಒಳಗೆ ಬಿಡುತ್ತದೆ, ಎಫ್ 1.6ಕ್ಕಿಂತ ಎರಡೂವರೆ ಪಟ್ಟು. ಎಫ್ 1.0 ಲೆನ್ಸ್‌ಗೆ ಒಂದು ಕೊರತೆಯಿದೆ: ತೀರಾ ಹತ್ತಿರ ಬಂದವರ ಚಿತ್ರ ಮಸುಕಾಗಬಹುದು. ಬಾಗಿಲ ತಲೆಯ ಮೇಲೆ ಹಾಕುವುದಾದರೆ ಇದನ್ನು ನೆನಪಿಡಿ.

ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಇರುವ "0.001 ಲಕ್ಸ್" (ಲಕ್ಸ್ ಬೆಳಕಿನ ಅಳತೆ; ಇಷ್ಟು ಬೆಳಕಿದ್ದರೂ ಕಾಣುತ್ತದೆ ಎಂಬ ಹೇಳಿಕೆ) ಎಂಬ ಅಂಕಿಯನ್ನು ನಂಬಿ ಹಣ ಕೊಡಬೇಡಿ. ಹುಣ್ಣಿಮೆ ಬೆಳದಿಂಗಳೇ ಸುಮಾರು 0.1ರಿಂದ 0.3 ಲಕ್ಸ್. ಯಾವ ಶಟರ್ ವೇಗದಲ್ಲಿ (ಒಂದೊಂದು ಚಿತ್ರಕ್ಕೆ ಕ್ಯಾಮೆರಾ ಎಷ್ಟು ಹೊತ್ತು ಬೆಳಕು ಹಿಡಿಯುತ್ತದೆ ಎಂಬುದು) ಅಳೆದದ್ದು ಎಂದು ಹೇಳದ ಲಕ್ಸ್ ಅಂಕಿಯಿಂದ ಎರಡು ಕಂಪನಿಗಳನ್ನು ಹೋಲಿಸಲು ಬರುವುದಿಲ್ಲ.

ಜನ ಮೋಸ ಹೋಗುವುದು ಶಟರ್‌ನಲ್ಲೇ. ಕತ್ತಲಾದಾಗ ಕ್ಯಾಮೆರಾ ತಾನಾಗಿಯೇ ಶಟರ್ ನಿಧಾನ ಮಾಡಿಕೊಳ್ಳುತ್ತದೆ. ನಿಂತ ಸ್ಕೂಟರ್, ತುಳಸಿಕಟ್ಟೆ, ರಂಗೋಲಿ ಎಲ್ಲ ಬೆಳ್ಳಗೆ, ಬಣ್ಣಬಣ್ಣವಾಗಿ ಕಾಣುತ್ತವೆ. ಅಂಗಡಿಯವರು ತೋರಿಸುವುದು ಇಂಥ ಚಿತ್ರವನ್ನೇ. ಆದರೆ ಸಾಧಾರಣ ನಡಿಗೆಯಲ್ಲಿ ಮನುಷ್ಯ ಸೆಕೆಂಡಿಗೆ ಸುಮಾರು 1.4 ಮೀಟರ್ ಹೋಗುತ್ತಾನೆ. ಶಟರ್ 1/6 ಸೆಕೆಂಡ್ ತೆರೆದಿದ್ದರೆ ಅಷ್ಟರಲ್ಲಿ 23 ಸೆಂ.ಮೀ. ಸರಿದಿರುತ್ತಾನೆ. ಮುಖದ ಅಗಲವೇ 15 ಸೆಂ.ಮೀ. ಇರುವಾಗ ಉಳಿಯುವುದೇನು? ಕಣ್ಣು ಮೂಗು ಕಲಸಿಹೋದ ಒಂದು ಗೆರೆ. ಮೆನುವಿನಲ್ಲಿ ಸ್ಲೋ ಶಟರ್ ಆಫ್ ಮಾಡಿಸಿ, ಶಟರ್ 1/25ಕ್ಕಿಂತ ನಿಧಾನ ಆಗದ ಹಾಗೆ ಮಿತಿ ಹಾಕಿಸಿ. 1/50 ಆದರೆ ಇನ್ನೂ ಒಳ್ಳೆಯದು. ಚಿತ್ರ ಸ್ವಲ್ಪ ಕಪ್ಪಾಗುತ್ತದೆ, ಆಗಲಿ. ಕತ್ತಲಿನ ಚುಕ್ಕಿಗಳನ್ನು ಅಳಿಸುವ ನಾಯ್ಸ್ ರಿಡಕ್ಷನ್ ಅನ್ನೂ ನಡುಮಟ್ಟಕ್ಕೆ ಇಳಿಸಿ. ತುಂಬಾ ಏರಿಸಿದರೆ ನಡೆಯುವವರ ಹಿಂದೆ ಹೊಗೆಯಂಥ ಬಾಲ ಬರುತ್ತದೆ.

ಇನ್ನು ಲೆನ್ಸ್‌ನ ಮಿ.ಮೀ. ಲೆಕ್ಕ. ಅಪರಿಚಿತನ ಮುಖ ಗುರುತಿಸಲು ಚಿತ್ರದಲ್ಲಿ ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು ಎನ್ನುವುದು ಈ ಕ್ಷೇತ್ರದವರು ಒಪ್ಪಿದ ಅಳತೆ. 2 ಮೆಗಾಪಿಕ್ಸೆಲ್ ಚಿತ್ರದ ಅಗಲ 1920 ಪಿಕ್ಸೆಲ್. ಹಾಗಾಗಿ ಮುಖ ಸಿಗುವುದು ದೃಶ್ಯದ ಅಗಲ 7.7 ಮೀಟರ್ ಒಳಗಿರುವವರೆಗೆ ಮಾತ್ರ. 2.8 ಮಿ.ಮೀ. ಲೆನ್ಸ್ ಅಗಲವಾಗಿ ನೋಡುವುದರಿಂದ ಆ ಮಿತಿ ಕ್ಯಾಮೆರಾದಿಂದ ಸುಮಾರು 3 ಮೀಟರ್‌ಗೇ ಮುಗಿಯುತ್ತದೆ. 4 ಮಿ.ಮೀ. ಆದರೆ 4 ಮೀಟರ್, 6 ಮಿ.ಮೀ. ಆದರೆ 7 ಮೀಟರ್. ಇವು ಹಗಲಿನ ಅಂಕಿಗಳು, ರಾತ್ರಿ ಇದಕ್ಕಿಂತ ಕಡಿಮೆ ಎಂದೇ ಹಿಡಿಯಿರಿ. ಡಬ್ಬಿಯ ಮೇಲಿನ "ಐಆರ್ 30 ಮೀಟರ್" (ಐಆರ್ ಎಂದರೆ ಕತ್ತಲಲ್ಲಿ ಕ್ಯಾಮೆರಾ ತಾನೇ ಬೀರುವ, ಕಣ್ಣಿಗೆ ಕಾಣದ ಬೆಳಕು) ಅಂದರೆ ಅಲ್ಲಿ ಏನೋ ಓಡಾಡಿದ್ದು ಗೊತ್ತಾಗುತ್ತದೆ ಎಂದಷ್ಟೇ ಅರ್ಥ.

ನಿಮ್ಮ ಮನೆಗೆ ನಮ್ಮ ಸಲಹೆ ಹೀಗಿದೆ. ಗೇಟಿಗೆ 1/1.8 ಇಂಚಿನ ಸೆನ್ಸರ್, 4 ಮೆಗಾಪಿಕ್ಸೆಲ್, 4 ಮಿ.ಮೀ. ಲೆನ್ಸ್, ಬಣ್ಣದಲ್ಲೇ ರಾತ್ರಿ ತೋರಿಸುವ ಮಾದರಿ. ಬಣ್ಣ ಯಾಕೆಂದರೆ ಐಆರ್ ಬೆಳಕಿನಲ್ಲಿ ಕಪ್ಪು ಸಿಂಥೆಟಿಕ್ ಬಟ್ಟೆ ಎಷ್ಟೋ ಸಲ ಬಿಳಚಿಕೊಂಡು ಕಾಣುತ್ತದೆ, "ಬಿಳಿ ಅಂಗಿಯವನು" ಎಂದು ದೂರಿನಲ್ಲಿ ಬರೆಸಿದರೆ ಹುಡುಕಾಟ ದಾರಿ ತಪ್ಪುತ್ತದೆ. ಸಂದಿಗೂ ಹಿತ್ತಿಲಿಗೂ 2 ಮೆಗಾಪಿಕ್ಸೆಲ್‌ನ ಸಾಧಾರಣ ಐಆರ್ ಬುಲೆಟ್ (ಕೊಳವೆಯಾಕಾರದ) ಕ್ಯಾಮೆರಾ ಧಾರಾಳ ಸಾಕು. ಉಳಿದ ಹಣದಲ್ಲಿ ಗೇಟಿನ ಕಡೆ ಸಜ್ಜಾ ಕೆಳಗೆ 9 ವ್ಯಾಟ್‌ನ ಒಂದು ಎಲ್‌ಇಡಿ ಬಲ್ಬ್ ಹಾಕಿಸಿ, ಕ್ಯಾಮೆರಾದಿಂದ ಒಂದು ಮೀಟರ್ ಪಕ್ಕಕ್ಕೆ, ಲೆನ್ಸ್‌ಗೆ ನೇರ ಕಾಣದ ಹಾಗೆ. ನಾಲ್ಕು ಮೀಟರ್ ದೂರದಲ್ಲೂ ಅದು 4–5 ಲಕ್ಸ್ ಕೊಡುತ್ತದೆ, ಬಣ್ಣದ ಕ್ಯಾಮೆರಾಗೆ ಅದು ಹಬ್ಬದೂಟ. ರಾತ್ರಿಯಿಡೀ ಉರಿದರೂ ತಿಂಗಳಿಗೆ ಮೂರು ಯೂನಿಟ್ ಚಿಲ್ಲರೆ.

ಎತ್ತರ ಎಂಟು–ಒಂಬತ್ತು ಅಡಿ ದಾಟಬೇಡಿ. ಮೊದಲ ಮಹಡಿಯಿಂದ ನೋಡುವ ಕ್ಯಾಮೆರಾಗೆ ಸಿಗುವುದು ನೆತ್ತಿ ಮತ್ತು ಟೋಪಿ. ಗೋಡೆಗೆ ಡ್ರಿಲ್ ಹಾಕುವ ಮೊದಲು ಒಂದು ರಾತ್ರಿ ಕ್ಯಾಮೆರಾವನ್ನು ಹಗ್ಗದಲ್ಲೋ ಟೇಪಿನಲ್ಲೋ ಕಟ್ಟಿ, ಮನೆಯವರೊಬ್ಬರು ಗೇಟಿನಿಂದ ಬಾಗಿಲವರೆಗೆ ಎಂದಿನ ನಡಿಗೆಯಲ್ಲಿ ಬರಲಿ. ಲೈವ್ ನೋಡಬೇಡಿ, ರೆಕಾರ್ಡಿಂಗ್ ತೆಗೆದು ನಡುವೆ ನಿಲ್ಲಿಸಿ ನೋಡಿ. ನಿಂತ ಆ ಒಂದು ಚಿತ್ರದಲ್ಲಿ ಮುಖ ಸಿಕ್ಕರೆ ಡ್ರಿಲ್ ಹಾಕಿ. 2025ರ ಏಪ್ರಿಲ್ 9ರಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯವಾಗಿದೆ. ಬಿಲ್ಲಿನ ಜೊತೆಗೆ ಆ ಮಾದರಿಯ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿಯನ್ನೂ ಕೇಳಿ ನೋಡಿ.

ಪ್ರಶ್ನೆ: ಸಂಜೆ ಏಳಾಯಿತೆಂದರೆ ನಮ್ಮ ಡೋಮ್ ಕ್ಯಾಮೆರಾದ ಚಿತ್ರವೆಲ್ಲ ಬಿಳಿ ಮಂಜು. ಬೆಳಗ್ಗೆ ಎದ್ದು ನೋಡಿದರೆ ಸರಿಯಿರುತ್ತದೆ. ಬದಲಿಸಬೇಕೇ? — ನಿಟುವಳ್ಳಿ, ದಾವಣಗೆರೆ

ಉತ್ತರ: ಬದಲಿಸಬೇಡಿ. ಮೊದಲು ಮೆನುವಿನಲ್ಲಿ ಐಆರ್ ಆಫ್ ಮಾಡಿ, ಅಂಗಳದ ಲೈಟು ಹಾಕಿ ನೋಡಿ. ಮಂಜು ಮಾಯವಾದರೆ ನಿಮ್ಮ ಕ್ಯಾಮೆರಾದ ಐಆರ್ ಬೆಳಕೇ ಎಲ್ಲೋ ಬಡಿದು ವಾಪಸ್ ಲೆನ್ಸ್‌ಗೆ ಬರುತ್ತಿದೆ.

ಹೆಚ್ಚಾಗಿ ಅದು ಜೇಡರ ಬಲೆ. ದೂರ ನೂರು ಪಟ್ಟು ಕಡಿಮೆಯಾದರೆ ಬೆಳಕು ಹತ್ತು ಸಾವಿರ ಪಟ್ಟು ಹೆಚ್ಚುತ್ತದೆ. ಹತ್ತು ಮೀಟರ್ ಆಚೆಯ ಗೇಟಿಗೆ ಹೋಲಿಸಿದರೆ ಲೆನ್ಸ್‌ನಿಂದ ಹತ್ತು ಸೆಂ.ಮೀ. ಮುಂದಿರುವ ಒಂದೆಳೆ ಬಲೆಗೆ ಬೀಳುವ ಬೆಳಕು ಅಷ್ಟು. ಕಣ್ಣಿಗೆ ಕಾಣದ ಎಳೆ ಪರದೆಯ ಮೇಲೆ ಬಿಳಿ ಹಗ್ಗವಾಗುವುದು ಇದಕ್ಕೇ. ಕ್ಯಾಮೆರಾ ಬೆಚ್ಚಗಿರುತ್ತದೆ, ಹುಳ ಬರುತ್ತದೆ, ಹುಳ ತಿನ್ನಲು ಜೇಡ ಬರುತ್ತದೆ. ಮುಂಗಾರಿನ ಮೊದಲ ಮಳೆ ಬಿದ್ದ ವಾರ ಮಳೆಹುಳಗಳ ಕಾಟ ಬೇರೆ. ಹದಿನೈದು ದಿನಕ್ಕೊಮ್ಮೆ ಉದ್ದ ಕೋಲಿಗೆ ಮೆತ್ತನೆ ಬ್ರಷ್ ಕಟ್ಟಿ ಒರೆಸಿ. ಹುಳದ ಔಷಧಿಯನ್ನು ಲೆನ್ಸ್ ಮೇಲೆ ಹೊಡೆಯಬೇಡಿ.

ಬಲೆ ಇಲ್ಲದಿದ್ದರೆ ಡೋಮ್‌ನ ಅರ್ಧಗೋಳದ ಮುಚ್ಚಳ ಬಿಚ್ಚಿ ನೋಡಿ. ಲೆನ್ಸ್ ಸುತ್ತ ಕಪ್ಪು ಸ್ಪಂಜಿನ ಉಂಗುರವೊಂದು ಇರುತ್ತದೆ. ಅದು ಮುಚ್ಚಳಕ್ಕೆ ಒತ್ತಿಕೊಂಡು ಕೂತಿರಬೇಕು. ಉಂಗುರ ಜಾರಿದ್ದರೆ ಐಆರ್ ಬೆಳಕು ಮುಚ್ಚಳದ ಒಳಗೇ ಸುತ್ತಾಡಿ ಲೆನ್ಸ್ ಸೇರುತ್ತದೆ. ಮುಚ್ಚಳದ ಮೇಲಿನ ಧೂಳು, ಬೆರಳಚ್ಚು ಕೂಡ ಇದೇ ಕೆಲಸ ಮಾಡುತ್ತವೆ. ಒದ್ದೆ ಮೆತ್ತನೆ ಬಟ್ಟೆ ಸಾಕು. ಥಿನ್ನರ್ ಹಾಕಿದರೆ ಪ್ಲಾಸ್ಟಿಕ್ ಮುಚ್ಚಳ ಶಾಶ್ವತವಾಗಿ ಮಂಕಾಗುತ್ತದೆ. ಕೊನೆಗೆ ಚಿತ್ರದ ಅಂಚಿನಲ್ಲಿ ಗೋಡೆಯೋ ಸಜ್ಜಾದ ತುದಿಯೋ ಬೆಳ್ಳಗೆ ಹೊಳೆಯುತ್ತಿದೆಯೇ ನೋಡಿ. ಇದ್ದರೆ ಕ್ಯಾಮೆರಾ ಅದಕ್ಕೆ ತಕ್ಕಂತೆ ಹೊಂದಿಕೊಂಡು ಉಳಿದದ್ದನ್ನೆಲ್ಲ ಕಪ್ಪು ಮಾಡುತ್ತದೆ. ಒಂದು ಗೇಣು ಮುಂದಕ್ಕೆ ತಂದು ಕೂರಿಸಿ. ಮುಂದೆ ಯಾವಾಗಲಾದರೂ ಹೊಸದು ತರುವಾಗ ಹೊರಗಡೆಗೆ ಡೋಮ್ ಬೇಡ, ಬುಲೆಟ್ ತನ್ನಿ.

ಪ್ರಶ್ನೆ: ಅಡಿಕೆ ಒಣಗಿಸುವ ಕಣಕ್ಕೆ ಮನೆಯಿಂದ 130 ಅಡಿ ವೈರ್ ಎಳೆಸಿ ಕ್ಯಾಮೆರಾ ಹಾಕಿಸಿದೆವು. ಹಗಲು ತೊಂದರೆಯಿಲ್ಲ. ಕತ್ತಲಾದ ಮೇಲೆ ನಿಮಿಷಕ್ಕೊಮ್ಮೆ ಚಿತ್ರ ಹೋಗುತ್ತದೆ, ಬರುತ್ತದೆ. ಕ್ಯಾಮೆರಾ ಎರಡು ಸಲ ಬದಲಿಸಿಕೊಟ್ಟರೂ ಅದೇ ಕಥೆ. — ಚನ್ನಗಿರಿ ತಾಲ್ಲೂಕು

ಉತ್ತರ: ಮೂರನೆಯ ಕ್ಯಾಮೆರಾ ತಂದರೂ ಹಾಗೇ ಆಗುತ್ತದೆ. ತಪ್ಪು ವೈರಿನದು. ಹಗಲು ಕ್ಯಾಮೆರಾ ಎಳೆಯುವ ಕರೆಂಟು 0.15 ಆಂಪಿಯರ್ ಎಂದಿಟ್ಟುಕೊಳ್ಳಿ, ಐಆರ್ ಹೊತ್ತಿದ ಮೇಲೆ 0.4 ಆಗುತ್ತದೆ. 130 ಅಡಿ ಅಂದರೆ 40 ಮೀಟರ್, ಹೋಗಿ ಬರಲು 80. 3+1 ಕೇಬಲ್ (ಚಿತ್ರಕ್ಕೆ ಒಂದು, ಕರೆಂಟು ಇತ್ಯಾದಿಗೆ ಮೂರು ಎಳೆ) ಒಳಗಿನ ತಾಮ್ರದ ಎಳೆ 0.2 ಚದರ ಮಿ.ಮೀ. ದಪ್ಪವಿದ್ದರೆ ಒಟ್ಟು ತಡೆ ಸುಮಾರು 7 ಓಮ್. ಹಗಲು 12 ವೋಲ್ಟ್‌ನಲ್ಲಿ ಒಂದು ವೋಲ್ಟ್ ಕರಗಿ 11 ಉಳಿಯುತ್ತದೆ, ಕ್ಯಾಮೆರಾ ತಾಳಿಕೊಳ್ಳುತ್ತದೆ. ರಾತ್ರಿ 2.8 ವೋಲ್ಟ್ ಕರಗಿ 9.2ಕ್ಕೆ ಇಳಿಯುತ್ತದೆ, ಕ್ಯಾಮೆರಾ ಆಫ್ ಆಗುತ್ತದೆ. ಆಫ್ ಆದೊಡನೆ ಐಆರ್ ಆರಿ ವೋಲ್ಟೇಜ್ ಮತ್ತೆ ಏರುತ್ತದೆ, ಕ್ಯಾಮೆರಾ ಎದ್ದು ಐಆರ್ ಹೊತ್ತಿಸುತ್ತದೆ, ಮತ್ತೆ ಬೀಳುತ್ತದೆ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಎಳೆಯ ಅಗ್ಗದ ಕೇಬಲ್ ಆಗಿದ್ದರೆ ತಡೆ ಒಂದೂವರೆ ಪಟ್ಟು. ಎಳೆಯ ತುದಿ ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಅಲ್ಯೂಮಿನಿಯಂ.

ರಾತ್ರಿ ಐಆರ್ ಹೊತ್ತಿರುವಾಗ ಕ್ಯಾಮೆರಾ ತುದಿಯ ಡಿಸಿ ಪಿನ್ನಿನಲ್ಲಿ ಮಲ್ಟಿಮೀಟರ್ ಇಟ್ಟು ಅಳೆಸಿ. 10.8 ವೋಲ್ಟ್‌ಗಿಂತ ಕಡಿಮೆ ಬಂದರೆ ಮನೆಯಿಂದ ಕಣದವರೆಗೆ 230 ವೋಲ್ಟ್ ಲೈನನ್ನು ಪೈಪಿನಲ್ಲಿ ಎಳೆಸಿ, 12 ವೋಲ್ಟ್ 2 ಆಂಪಿಯರ್ ಅಡಾಪ್ಟರನ್ನು ನೀರು ಹೋಗದ ಡಬ್ಬಿಯಲ್ಲಿ ಕ್ಯಾಮೆರಾ ಪಕ್ಕದಲ್ಲೇ ಇಡಿಸಿ. ಆ ಲೈನು ಇನ್ವರ್ಟರ್‌ನಿಂದ ಬರಲಿ, ಕರೆಂಟು ಹೋದ ಹೊತ್ತೇ ಕಳ್ಳರಿಗೆ ಅನುಕೂಲ. ನೆಟ್‌ವರ್ಕ್ ಕೇಬಲ್ ಮೇಲೆ ಚಿತ್ರ ಕಳಿಸುವ ಐಪಿ ಕ್ಯಾಮೆರಾ ಹಾಕಿಸುವ ಮನಸ್ಸಿದ್ದರೆ ಪಿಒಇ (ಅದೇ ಕೇಬಲ್‌ನಲ್ಲಿ ಕರೆಂಟೂ ಹೋಗುವ ವ್ಯವಸ್ಥೆ) ಇನ್ನೂ ಚೊಕ್ಕ. ಅದು 48 ವೋಲ್ಟ್‌ನಲ್ಲಿ ಹೋಗುವುದರಿಂದ 100 ಮೀಟರ್ ತನಕ ಈ ತಲೆನೋವಿಲ್ಲ. ಕೇಬಲ್ ಮಾತ್ರ ಅಪ್ಪಟ ತಾಮ್ರದ್ದೇ ಇರಲಿ.

ಪ್ರಶ್ನೆ: ರಸ್ತೆ ಪಕ್ಕದ ಮನೆ. ರಾತ್ರಿ ಹೋಗುವ ಗಾಡಿಗಳ ನಂಬರ್ ಪ್ಲೇಟ್ ಬರೀ ಬಿಳಿ ಚೌಕ. ಯಾವ ಸೆಟ್ಟಿಂಗ್ ಬದಲಿಸಬೇಕು? — ಹೊಳಲ್ಕೆರೆ ರಸ್ತೆ, ಚಿತ್ರದುರ್ಗ

ಉತ್ತರ: 2019ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆ ಬರುತ್ತಿರುವ ಪ್ಲೇಟುಗಳು ಬಿದ್ದ ಬೆಳಕನ್ನು ಬಂದ ದಾರಿಗೇ ವಾಪಸ್ ಕಳಿಸುತ್ತವೆ. ನಿಮ್ಮ ಐಆರ್ ಪೂರ್ತಿ ನಿಮ್ಮ ಲೆನ್ಸ್‌ಗೇ ಮರಳುತ್ತದೆ. ಅಂಗಳವನ್ನೂ ಪ್ಲೇಟನ್ನೂ ಒಂದೇ ಕ್ಯಾಮೆರಾ ರಾತ್ರಿ ತೋರಿಸಲಾರದು. ನಂಬರ್ ಬೇಕೇ ಬೇಕೆಂದರೆ ಅದಕ್ಕೆಂದೇ ಇನ್ನೊಂದು ಬೇಕು: ಜೂಮ್ ಹೊಂದಿಸಬಹುದಾದ ಲೆನ್ಸ್, ರಸ್ತೆಯ 3–4 ಮೀಟರ್ ಅಗಲ ಮಾತ್ರ ಚಿತ್ರದಲ್ಲಿ, ಗಾಡಿ ಬರುವ ದಿಕ್ಕಿಗೆ 30 ಡಿಗ್ರಿಗಿಂತ ಹೆಚ್ಚು ಓರೆಯಾಗದಂತೆ. ಶಟರ್ 1/1000ಕ್ಕೆ ಕಟ್ಟಿಹಾಕಿ, ಐಆರ್ ಆನ್ ಇರಲಿ. ಗಂಟೆಗೆ 30 ಕಿ.ಮೀ. ವೇಗದ ಗಾಡಿ 1/25 ಸೆಕೆಂಡಿನಲ್ಲಿ 33 ಸೆಂ.ಮೀ. ಸರಿಯುತ್ತದೆ, 1/1000ರಲ್ಲಿ ಒಂದು ಸೆಂ.ಮೀ.ಗಿಂತ ಕಡಿಮೆ. ಚಿತ್ರವೆಲ್ಲ ಕಪ್ಪಾಗಿ ಪ್ಲೇಟಿನ ಅಕ್ಷರ ಮಾತ್ರ ಉಳಿಯುತ್ತದೆ. ಕ್ಯಾಮೆರಾ ಕೆಟ್ಟಿತೆಂದು ಗಾಬರಿಯಾಗಬೇಡಿ, ಅದು ಹಾಗೇ ಇರಬೇಕು.

ಪ್ರಶ್ನೆ: ನಾಲ್ಕು ಕ್ಯಾಮೆರಾ, 1 ಟಿಬಿ ಹಾರ್ಡ್ ಡಿಸ್ಕ್. ಹನ್ನೊಂದು ದಿನ ಉಳಿಯುತ್ತೆ ಅಂದಿದ್ದರು, ಆರೇ ದಿನಕ್ಕೆ ಅಳಿಸಿಹೋಗುತ್ತದೆ. — ಹಿರಿಯೂರು

ಉತ್ತರ: ಹನ್ನೊಂದು ದಿನದ ಲೆಕ್ಕ ತಪ್ಪಲ್ಲ. ಕ್ಯಾಮೆರಾ ಒಂದಕ್ಕೆ 2 ಎಂಬಿಪಿಎಸ್ (ಸೆಕೆಂಡಿಗೆ 20 ಲಕ್ಷ ಬಿಟ್) ಎಂದು ಹಿಡಿದರೆ ದಿನಕ್ಕೆ 21.6 ಜಿಬಿ, ನಾಲ್ಕಕ್ಕೆ 86. ಆದರೆ ಕತ್ತಲಲ್ಲಿ ಚಿತ್ರದ ತುಂಬ ಮರಳಿನಂಥ ಚುಕ್ಕಿಗಳು ಕುಣಿಯುತ್ತಿರುತ್ತವೆ. ರೆಕಾರ್ಡರ್ ಅವನ್ನೂ ಚಲನೆ ಎಂದೇ ತಿಳಿದು ಬರೆದಿಡುತ್ತದೆ, ಬಿಟ್‌ರೇಟ್ (ಸೆಕೆಂಡಿಗೆ ಬರೆಯುವ ಮಾಹಿತಿಯ ಪ್ರಮಾಣ) ಇಮ್ಮಡಿಯಾಗಬಹುದು. ವಿಡಿಯೊವನ್ನು ಚಿಕ್ಕದು ಮಾಡುವ ಎಚ್.265 ಆನ್ ಇದೆಯೇ ನೋಡಿ, ಬಿಟ್‌ರೇಟಿನ ಗರಿಷ್ಠ ಮಿತಿ 2048ಕ್ಕೆ (ಅಂದರೆ ಸುಮಾರು 2 ಎಂಬಿಪಿಎಸ್‌ಗೆ) ಇಳಿಸಿ. ಗೇಟಿನ ಕ್ಯಾಮೆರಾಗೆ ಮಾತ್ರ ಹಾಗೆ ಮಾಡಬೇಡಿ, ರಾತ್ರಿ ಮುಖ ಚೌಕಚೌಕವಾಗಿ ಒಡೆಯುತ್ತದೆ. ಅಲ್ಲಿ ಬಲ್ಬ್ ಹಾಕಿಸಿ, ಬೆಳಕು ಬಂದರೆ ಚುಕ್ಕಿ ತಾನೇ ಇಳಿಯುತ್ತದೆ. ಹದಿನೈದು ದಿನ ಬೇಕೇ ಬೇಕೆಂದರೆ 2 ಟಿಬಿ ಹಾಕಿಸಿ. ಹಾಗೆಯೇ ರೆಕಾರ್ಡರ್‌ನ ಗಡಿಯಾರ ಸರಿಯಿದೆಯೇ ತಿಂಗಳಿಗೊಮ್ಮೆ ನೋಡಿ. ದೂರು ಕೊಡುವಾಗ ಚಿತ್ರದ ಮೇಲಿನ ಸಮಯವೂ ಠಾಣೆಗೆ ಹೇಳಿದ ಸಮಯವೂ ತಾಳೆಯಾಗಬೇಕು.